ಪೇಟೆಯಿಂದ ಬಡಾವಣೆಗೆ, ಬಡಾವಣೆಯಿಂದ ಪೇಟೆಗೆ

‘ಪಟ್ಟಣ’ ಎಂಬ ಮಾತು ಊರಿನ ಹೆಸರಿನಲ್ಲಿ ಉಳಿದು, ಊರಿನಿಂದ ಹೊರಟುಹೋಗುವುದುಂಟು. ನಾನಿರುವ ಸಖರಾಯಪಟ್ಟಣವೇ ಇದಕ್ಕೆ ನಿದರ್ಶನ. ರುಕ್ಮಾಂಗದರಾಯನ ರಾಜಧಾನಿಯೆಂದು ಐತಿಹ್ಯ ಹೇಳುವ ಈ ಊರು ಇಂದು ಕಡೂರು ತಾಲ್ಲೂಕಿನ ಒಂದು ಹೋಬಳಿ ಕೇಂದ್ರ. ಹೊಯ್ಸಳರ ಕಾಲದಲ್ಲಿ ಜೀರ್ಣೋದ್ಧಾರಗೊಂಡ ಅಯ್ಯನಕೆರೆ ಮಾತ್ರ ಇಂದಿಗೂ ನಮ್ಮ ಗದ್ದೆ ತೋಟಗಳಿಗೆ ನೀರುಣಿಸುತ್ತಿದೆ. ರಾಜಧಾನಿ ಹೋಯಿತು, ಕೆರೆ ಉಳಿಯಿತು. ಊರುಗಳ ಆಯುಷ್ಯವನ್ನು ಕುರಿತು ಯೋಚಿಸುವವನಿಗೆ ಇದು ಒಳ್ಳೆಯ ಮೊದಲ ಪಾಠ.

ಎರಡನೆಯ ಪಾಠಕ್ಕೆ ನಾವು ಬೆಂಗಳೂರಿಗೆ ಹೋಗಬೇಕು. ನಮ್ಮ ಸೀಮೆಯ ಮಕ್ಕಳು ಓದಿಗೆಂದು, ಕೆಲಸಕ್ಕೆಂದು ಹೋಗಿ ಸೇರುವ ಊರು ಅದು. ಅಲ್ಲಿ ಅವರಿಗೆ ಮೊದಲು ಎದುರಾಗುವ ಪ್ರಶ್ನೆ ಅನ್ನದ್ದಲ್ಲ, ಸೂರಿನದು. ಊರ ನಡುವೆ ಇರಬೇಕೆಂದರೆ ಬಾಡಿಗೆ ಎಟುಕದು. ಎಟುಕುವ ಮನೆ ಹಿಡಿದರೆ ದಿನದ ಮೂರು ಗಂಟೆ ದಾರಿಗೆ ಸಲ್ಲುತ್ತದೆ. ಈ ಇಕ್ಕಟ್ಟು ನಿನ್ನೆ ಮೊನ್ನೆ ಹುಟ್ಟಿದ್ದಲ್ಲ. ಇದರ ಹಿಂದೆ ನೂರಕ್ಕೂ ಹೆಚ್ಚು ವರ್ಷಗಳ ಒಂದು ಕಥೆಯಿದೆ. ಅದನ್ನು ಹೇಳುವುದು ಈ ಭಾಷಣದ ಉದ್ದೇಶ.

1537ರಲ್ಲಿ ಕೆಂಪೇಗೌಡರು ಬೆಂಗಳೂರನ್ನು ಕಟ್ಟಿಸಿದರೆಂಬುದು ರೂಢಿಯ ನಂಬಿಕೆ. ದೊಡ್ಡಪೇಟೆ, ಚಿಕ್ಕಪೇಟೆ ಎಂಬ ಎರಡು ಬೀದಿಗಳು ಒಂದನ್ನೊಂದು ಅಡ್ಡಹಾಯುವ ಚೌಕವೇ ಆ ಊರಿನ ನಾಭಿ. ಸುತ್ತಣ ಪೇಟೆಗಳ ಹೆಸರುಗಳನ್ನು ಸುಮ್ಮನೆ ಎಣಿಸುತ್ತ ಹೋದರೆ ಒಂದು ಆರ್ಥಿಕ ಚರಿತ್ರೆಯೇ ಕಣ್ಣೆದುರು ನಿಲ್ಲುತ್ತದೆ. ಅಕ್ಕಿಪೇಟೆ, ಅರಳೆಪೇಟೆ, ಬಳೇಪೇಟೆ, ರಾಗಿಪೇಟೆ ಎಂಬಲ್ಲಿ ಸರಕಿನ ಹೆಸರಿದೆ. ಕುಂಬಾರಪೇಟೆ, ಗಾಣಿಗರಪೇಟೆ, ತಿಗಳರಪೇಟೆ, ಉಪ್ಪಾರಪೇಟೆ ಎಂಬಲ್ಲಿ ಕಸುಬಿನವರ ಹೆಸರಿದೆ. ಇಲ್ಲಿ ಮನೆ ಬೇರೆ, ಮಳಿಗೆ ಬೇರೆ ಎಂಬ ವಿಂಗಡಣೆ ಇರಲಿಲ್ಲ. ಮುಂದೆ ಅಂಗಡಿ, ಹಿಂದೆ ಅಡಿಗೆಮನೆ, ನಡುವೆ ತೊಟ್ಟಿ. ಜಗಲಿಯಲ್ಲಿ ವ್ಯಾಪಾರ, ಅಟ್ಟದಲ್ಲಿ ದಾಸ್ತಾನು. ದುಡಿಯುವವನು ದುಡಿಮೆಯ ಪಕ್ಕದಲ್ಲಿಯೇ ಮಲಗುತ್ತಿದ್ದ. ಅವನ ಬಡತನ ಎಷ್ಟೇ ಇರಲಿ, ದಾರಿಯ ವೆಚ್ಚವೊಂದು ಅವನ ಲೆಕ್ಕದಲ್ಲಿ ಇರಲಿಲ್ಲ.

ಆದರೆ ಈ ಚಿತ್ರವನ್ನು ನಾವು ಹೆಚ್ಚು ಚೆಲುವಾಗಿಸಬಾರದು. ಇಕ್ಕಟ್ಟಾದ ಓಣಿ, ಗಾಳಿಯಾಡದ ಕೋಣೆ, ಮನೆಯ ಮಗ್ಗುಲಲ್ಲಿಯೇ ಹರಿಯುವ ಚರಂಡಿ, ಧಾನ್ಯದ ಮೂಟೆಗಳ ನಡುವೆ ಇಲಿಗಳ ಸಂಸಾರ ಇವೂ ಆ ಪೇಟೆಯ ಭಾಗವೇ ಆಗಿದ್ದವು. ದೊರೆತನದವರಿಗೆ ಇದು ತಿಳಿಯದೆ ಇರಲಿಲ್ಲ. ಪೇಟೆಯ ಒತ್ತಡವನ್ನು ಕಡಿಮೆ ಮಾಡಲು 1892ರಲ್ಲಿಯೇ ಚಾಮರಾಜಪೇಟೆಯ ಹೊಸ ವಿಸ್ತರಣೆ ರೂಪುಗೊಂಡಿತ್ತು. ಅಲ್ಲಿಂದ ಆರು ವರ್ಷಕ್ಕೆ ಪ್ಲೇಗು ಬಂದಿತು.

1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಆ ಮಾರಿ, ರೈಲಿನ ಹಾದಿ ಹಿಡಿದು ಹುಬ್ಬಳ್ಳಿಯ ಕಡೆಯಿಂದ 1898ರ ಆಗಸ್ಟಿನಲ್ಲಿ ಬೆಂಗಳೂರಿಗೆ ಇಳಿಯಿತು. ಆ ಹಾದಿ ನಮ್ಮ ಬೀರೂರು, ಕಡೂರುಗಳ ಮೇಲೆಯೇ ಹಾದುಹೋಗುವುದು. ಧಾನ್ಯವನ್ನೂ ಕಾಗದವನ್ನೂ ನೆಂಟರನ್ನೂ ತಂದ ರೈಲು ಮೃತ್ಯುವನ್ನೂ ತಂದಿತು. ಜನಗಣತಿಯ ಎರಡು ಅಂಕಿಗಳು ಸಾಕು. ನಗರ ಮತ್ತು ದಂಡು ಎರಡೂ ಸೇರಿ 1891ರಲ್ಲಿ 1,80,366 ಇದ್ದ ಬೆಂಗಳೂರಿನ ಜನಸಂಖ್ಯೆ 1901ರಲ್ಲಿ 1,59,046ಕ್ಕೆ ಇಳಿದಿತ್ತು. ಸತ್ತವರೆಷ್ಟು, ಊರು ಬಿಟ್ಟವರೆಷ್ಟು ಎಂಬುದನ್ನು ಈ ಅಂಕಿಗಳು ಬಿಡಿಸಿ ಹೇಳುವುದಿಲ್ಲ. ಬೆಳೆಯುತ್ತಿದ್ದ ಊರೊಂದು ಹತ್ತು ವರ್ಷಗಳಲ್ಲಿ ಕುಗ್ಗಿತು ಎಂಬುದನ್ನಷ್ಟೇ ಹೇಳುತ್ತವೆ.

ಆಗ ದಿವಾನರಾಗಿದ್ದವರು ಶೇಷಾದ್ರಿ ಅಯ್ಯರ್. ಪ್ಲೇಗು ಕಮಿಷನರಾಗಿ ನೇಮಕಗೊಂಡವರು, ಮುಂದೆ ತಾವೇ ದಿವಾನರಾದ ವಿ. ಪಿ. ಮಾಧವರಾಯರು. ರೋಗಿಗಳನ್ನು ಪ್ರತ್ಯೇಕಿಸುವುದು, ಮನೆಗಳನ್ನು ತೆರವು ಮಾಡಿಸುವುದು, ಸೋಂಕು ಕಳೆಯುವ ಮದ್ದು ಹೊಡೆಸುವುದು, ಊರ ಹೊರಗೆ ಗುಡಿಸಲು ಹಾಕಿಸುವುದು ಇವು ಆ ಕಾಲದ ಕ್ರಮಗಳು. ಜನ ಇವನ್ನು ಸುಮ್ಮನೆ ಒಪ್ಪಲಿಲ್ಲ. ಅದೇ ವರ್ಷದ ಕೊನೆಯಲ್ಲಿ ಶ್ರೀರಂಗಪಟ್ಟಣದ ಬಳಿಯ ಗಂಜಾಮಿನಲ್ಲಿ ದಂಗೆಯೇ ಆಯಿತು. ಮನೆಯ ಹೊಸಿಲನ್ನು ಅಧಿಕಾರಿ ದಾಟಿ ಬರುವುದು ರೋಗಕ್ಕಿಂತ ಭಯಂಕರವಾಗಿ ಅನೇಕರಿಗೆ ಕಂಡಿರಬೇಕು.

ಆ ಅನುಭವವನ್ನು ನಮ್ಮ ಸಾಹಿತ್ಯ ಮರೆತಿಲ್ಲ. ಅನಂತಮೂರ್ತಿಯವರ ‘ಸಂಸ್ಕಾರ’ದ ಅಗ್ರಹಾರದಲ್ಲಿ ಇಲಿಗಳು ಬಿದ್ದು ಸಾಯುವುದನ್ನು ನೀವು ಓದಿದ್ದೀರಿ. ಭೈರಪ್ಪನವರ ‘ಗೃಹಭಂಗ’ದಲ್ಲಿ ನಂಜಮ್ಮನ ಎದೆಯೆತ್ತರ ಬೆಳೆದ ಮಕ್ಕಳನ್ನು ಪ್ಲೇಗು ಕೊಂಡೊಯ್ಯುವ ಭಾಗವನ್ನು ತರಗತಿಯಲ್ಲಿ ಪಾಠ ಹೇಳುವಾಗ, ಹಿಂದಿನ ಬೆಂಚುಗಳ ಗದ್ದಲ ತಾನಾಗಿ ಅಡಗುತ್ತಿದ್ದುದನ್ನು ನಾನು ಕಂಡಿದ್ದೇನೆ. ಹಳ್ಳಿಗೆ ಪ್ಲೇಗೆಂದರೆ ಊರು ಬಿಟ್ಟು ಶೆಡ್ಡಿಗೆ ಹೋಗುವುದು, ಮಾರಿ ಕಳೆದ ಮೇಲೆ ಅದೇ ಮನೆಗೆ ಮರಳುವುದು. ಬೆಂಗಳೂರಿನಲ್ಲಿ ಆದದ್ದು ಬೇರೆ. ಅಲ್ಲಿ ಹೊರಗೆ ಹೋದವರಲ್ಲಿ ಅನುಕೂಲವಿದ್ದವರು ಹೊರಗೇ ಉಳಿದರು.

ಅವರಿಗಾಗಿ ಹುಟ್ಟಿದವು ಬಸವನಗುಡಿ ಮತ್ತು ಮಲ್ಲೇಶ್ವರ. ದಕ್ಷಿಣದ ದೊಡ್ಡ ಬಸವಣ್ಣನಿಂದ ಒಂದಕ್ಕೆ ಹೆಸರು, ಉತ್ತರದ ಕಾಡು ಮಲ್ಲೇಶ್ವರನಿಂದ ಇನ್ನೊಂದಕ್ಕೆ. ನೇರವಾದ ಅಗಲ ಬೀದಿಗಳು, ಅವುಗಳನ್ನು ಕತ್ತರಿಸುವ ಅಡ್ಡರಸ್ತೆಗಳು, ಮನೆಗಳ ಹಿಂದೆ ಕಸ ಸಾಗಿಸುವ ಸಣ್ಣ ಓಣಿ, ಪ್ರತಿ ಮನೆಗೂ ಅಂಗಳ, ಅಂಗಳದಲ್ಲಿ ಒಂದು ತೆಂಗು, ಒಂದು ಸಂಪಿಗೆ. ಕನ್ನಡಿಗರ ನಗರಜೀವನದ ಕಲ್ಪನೆಯೇ ಇಲ್ಲಿ ಬದಲಾಯಿತೆಂದರೆ ಅತಿಶಯವಲ್ಲ. ರೋಗಕ್ಕೆ ಕೆಟ್ಟ ಗಾಳಿ, ಇಕ್ಕಟ್ಟು, ಕೊಳಕು ಇವೇ ಮೂಲವೆಂದು ಆಗ ಅನೇಕರು ನಂಬಿದ್ದರು. ಇಲಿಯ ಮೈಮೇಲಿನ ಚಿಗಟವೇ ಪ್ಲೇಗನ್ನು ಹರಡುವುದೆಂದು ಪಾಲ್ ಲೂಯಿ ಸಿಮೋಂ ಎಂಬ ಫ್ರೆಂಚ್ ವೈದ್ಯ ಹೇಳಿದ್ದು ಅದೇ 1898ರಲ್ಲಿ; ಲೋಕ ಅದನ್ನು ಒಪ್ಪಲು ಇನ್ನೂ ಹಲವು ವರ್ಷ ಬೇಕಾಯಿತು. ಕಾರಣವನ್ನು ಪೂರ್ಣವಾಗಿ ಅರಿಯದೆಯೇ ಕೊಟ್ಟ ಮದ್ದಿನಿಂದ ಗಾಳಿಯೂ ಬೆಳಕೂ ತುಂಬಿದ ಎರಡು ಬಡಾವಣೆಗಳು ನಮಗೆ ದಕ್ಕಿದವು.

ಅವುಗಳಿಂದ ಕನ್ನಡಕ್ಕೆ ಆದ ಲಾಭವೂ ಸಣ್ಣದಲ್ಲ. 1915ರಲ್ಲಿ ಹುಟ್ಟಿದ ಕನ್ನಡ ಸಾಹಿತ್ಯ ಪರಿಷತ್ತು 1933ರಲ್ಲಿ ತನ್ನ ಸ್ವಂತ ಮಂದಿರವನ್ನು ಕಂಡದ್ದು ಚಾಮರಾಜಪೇಟೆಯಲ್ಲಿ. ಡಿ.ವಿ.ಜಿ.ಯವರು 1945ರಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಸ್ಥಾಪಿಸಿದ್ದು ಬಸವನಗುಡಿಯ ಕಡೆ. ಮಾಸ್ತಿಯವರು ಬಾಳಿದ್ದು ಅದಕ್ಕೆ ಸಮೀಪದ ಗವಿಪುರದಲ್ಲಿ. ನವೋದಯದ ಬರಹಗಾರರಲ್ಲಿ ಹಲವರು ಸಂಜೆ ತಿರುಗಾಡಿದ ಬೀದಿಗಳು ಪ್ಲೇಗಿನ ಭಯದಿಂದ ಹುಟ್ಟಿದ ಬೀದಿಗಳೇ.

ಇಷ್ಟು ಹೇಳಿದ ಮೇಲೆ ಕೇಳಬೇಕಾದ ಪ್ರಶ್ನೆಯೊಂದು ಉಳಿಯುತ್ತದೆ. ನಿವೇಶನ ಕೊಳ್ಳಲಾರದವರು ಎಲ್ಲಿ ಹೋದರು? ಅವರು ಎಲ್ಲಿಗೂ ಹೋಗಲಿಲ್ಲ. ಪೇಟೆಯಲ್ಲಿಯೇ ಉಳಿದರು. ಸರ್ಕಾರಿ ನೌಕರನೂ ವಕೀಲನೂ ಬಡಾವಣೆ ಸೇರಿದಾಗ, ಅವರು ಬಿಟ್ಟ ಮನೆಗಳು ಕ್ರಮೇಣ ಒಡೆದು ವಠಾರಗಳಾದವು, ಇಲ್ಲವೆ ಗೋಡೌನುಗಳಾದವು. ಒಂದು ಕೊಳಾಯಿ, ಒಂದು ಅಂಗಳ, ಸಾಲು ಕೋಣೆಗಳು, ಕೋಣೆಗೊಂದು ಸಂಸಾರ. ಊರಿನ ಹೃದಯವನ್ನು ಗುಣಪಡಿಸಬೇಕಾದವರು ಅದನ್ನು ಬಿಟ್ಟು ಹೊಸ ಮೈ ಬೆಳೆಸಿದರು. ಅಂದಿನಿಂದ ಇಂದಿನವರೆಗೆ ನಮ್ಮ ನಗರನೀತಿಯ ಮುಖ್ಯ ಮಾರ್ಗ ಇದೇ ಎಂದು ನನ್ನ ತಿಳಿವಳಿಕೆ. 1945ರಲ್ಲಿ ನಗರಾಭಿವೃದ್ಧಿಗೆಂದು ಟ್ರಸ್ಟ್ ಬೋರ್ಡು ಬಂದಿತು. 1948ರಲ್ಲಿ ಜಯನಗರಕ್ಕೆ ಶಂಕುಸ್ಥಾಪನೆಯಾಯಿತು. 1976ರಲ್ಲಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಹುಟ್ಟಿತು. ಬಡಾವಣೆಯ ಮೇಲೆ ಬಡಾವಣೆ ಬಂದಿತು. ‘ಅಭಿವೃದ್ಧಿ’ ಎಂದರೆ ಹೊರಗಿನ ಹೊಲವನ್ನು ನಿವೇಶನ ಮಾಡುವುದು ಎಂಬ ಅರ್ಥವೇ ರೂಢಿಯಾಯಿತು.

ಲೋಕದ ಬೇರೆ ನಗರಗಳು ಬೇರೆ ದಾರಿ ಹಿಡಿದದ್ದುಂಟು. 1853ರಿಂದ 1870ರವರೆಗೆ ಪ್ಯಾರಿಸಿನಲ್ಲಿ ಓಸ್ಮನ್ ಎಂಬ ಅಧಿಕಾರಿ ಹಳೆಯ ಊರಿನ ನಡುವೆಯೇ ಹೆದ್ದಾರಿಗಳನ್ನು ಸೀಳಿ ತೆಗೆದ. ಊರು ಸುಂದರವಾಯಿತು, ಬಡ ಕೂಲಿಗಾರ ಅಂಚಿಗೆ ತಳ್ಳಲ್ಪಟ್ಟ. ಮುಂಬಯಿಯಲ್ಲಿ ಪ್ಲೇಗಿನ ಪರಿಣಾಮವಾಗಿ 1898ರಲ್ಲಿ ರಚಿತವಾದ ಸುಧಾರಣಾ ಟ್ರಸ್ಟು ಇದೇ ಜಾಡಿನಲ್ಲಿ ನಡೆಯಿತು. ನಮ್ಮ ಮೈಸೂರಿನಲ್ಲಿ 1903ರಲ್ಲಿ ಟ್ರಸ್ಟ್ ಬೋರ್ಡು ಸ್ಥಾಪಿತವಾಗಿ ಆ ನಗರಕ್ಕೆ ಇಂದಿನ ಅಂದವನ್ನು ಕೊಟ್ಟಿತು. ಮೂರನೆಯ ದಾರಿಯೊಂದನ್ನು ತೋರಿಸಿದವನು ಸ್ಕಾಟ್ಲೆಂಡಿನ ಪ್ಯಾಟ್ರಿಕ್ ಗೆಡ್ಡೆಸ್. 1915ರ ಸುಮಾರಿಗೆ ಮದರಾಸು ಪ್ರಾಂತದ ಊರುಗಳನ್ನು ಕಾಲ್ನಡಿಗೆಯಲ್ಲಿ ನೋಡಿದ ಅವನು ಒಳ್ಳೆಯ ವೈದ್ಯನ ಮಾತನ್ನು ಆಡಿದ. ಇಡೀ ಕೇರಿಯನ್ನು ಕೆಡವಬೇಡಿ. ಬಿದ್ದುಹೋಗುವಂತಿರುವ ಒಂದೆರಡು ಮನೆಗಳನ್ನು ಮಾತ್ರ ತೆಗೆಯಿರಿ. ಆ ಜಾಗದಲ್ಲಿ ಬಯಲು ಮಾಡಿ, ಮರ ನೆಡಿ, ಬಾವಿಯನ್ನು ಶುದ್ಧಮಾಡಿ. ಉಳಿದ ಮನೆಗಳನ್ನು ದುರಸ್ತಿ ಮಾಡಿ ಅದೇ ಜನರನ್ನು ಅಲ್ಲಿಯೇ ಬಾಳಗೊಡಿ ಎಂಬುದು ಅವನ ಸಲಹೆಯ ಸಾರ. ಈ ದಾರಿಯಲ್ಲಿ ವೆಚ್ಚ ಕಡಿಮೆ, ಕಣ್ಣೀರೂ ಕಡಿಮೆ. ಆದರೆ ಇದಕ್ಕೆ ತಾಳ್ಮೆ ಬೇಕು, ಮನೆಮನೆಯನ್ನೂ ನಡೆದು ನೋಡುವ ಕಾಲು ಬೇಕು. ಕಚೇರಿಯ ನಕ್ಷೆಯ ಮೇಲೆ ಕೆಂಪು ಗೆರೆ ಎಳೆಯುವುದು ಅದಕ್ಕಿಂತ ಸುಲಭ.

ಈಗ ಕಥೆ ತಿರುವು ಪಡೆದಿದೆ. ನೂರು ವರ್ಷ ಹೊರಹೊರಗೆ ಹರಿದ ನಗರ ಮತ್ತೆ ಒಳಮುಖವಾಗಿದೆ. 1884ರಲ್ಲಿ ಆರಂಭವಾಗಿ ಸಾವಿರಾರು ಕೂಲಿಗಾರರಿಗೆ ಅನ್ನ ಕೊಟ್ಟಿದ್ದ ಬಿನ್ನಿ ಮಿಲ್ಲಿನ ನೆಲದಲ್ಲಿ ಈಗ ಬಹುಮಹಡಿಯ ವಸತಿಗಳು ಎದ್ದಿವೆ. ಮಲ್ಲೇಶ್ವರದ ಸಂಪಿಗೆ ರಸ್ತೆಯ ಬಾಯಲ್ಲಿ, ಹಿಂದೆ ರಾಜಾ ಮಿಲ್ಲು ಇದ್ದೆಡೆ ದೊಡ್ಡ ಮಾಲು ಇದೆ. 2017ರಲ್ಲಿ ಚಿಕ್ಕಪೇಟೆಯ ನೆಲದಡಿಯಲ್ಲಿ ಮೆಟ್ರೋ ರೈಲು ಓಡಲಾರಂಭಿಸಿತು. ಬಸವನಗುಡಿ, ಮಲ್ಲೇಶ್ವರಗಳ ಅಂಗಳದ ಮನೆಗಳೇ ಈಗ ‘ಹಳೆಯ ಮನೆ’ಗಳಾಗಿವೆ, ಒಂದೊಂದಾಗಿ ಬಿದ್ದು ಅವುಗಳ ಜಾಗದಲ್ಲಿ ಹಲವು ಅಂತಸ್ತಿನ ಕಟ್ಟಡಗಳು ಏಳುತ್ತಿವೆ. ಅಂದು ಇಕ್ಕಟ್ಟಿಗೆ ಅಂಜಿ ಓಡಿದವರ ಮೊಮ್ಮಕ್ಕಳು ಇಂದು ಹೆಚ್ಚು ಹಣ ತೆತ್ತು ಅದೇ ನಡು ಊರಿನ ನೆಲಕ್ಕೆ ಮರಳುತ್ತಿದ್ದಾರೆ.

ನಾನು ಬಹುಮಹಡಿ ಮನೆಯ ವಿರೋಧಿಯಲ್ಲ. ಹೊಲ ತೋಟಗಳನ್ನು ನುಂಗುತ್ತ ಊರು ಅಡ್ಡಡ್ಡ ಹರಡುವುದಕ್ಕಿಂತ, ಇದ್ದ ನೆಲದಲ್ಲಿ ಒತ್ತಾಗಿ ಬಾಳುವುದು ವಿವೇಕವೇ. ನನ್ನ ಶಂಕೆ ಬೇರೆಯದು. 1898ರಲ್ಲಿ ಹೊರಗೆ ಹೋಗುವ ಹಕ್ಕು ಹಣವಂತನದಾಗಿತ್ತು. ಈಗ ಒಳಗೆ ಉಳಿಯುವ ಹಕ್ಕೂ ಅವನದೇ ಆಗುತ್ತಿದೆ. ಮಿಲ್ಲಿನ ನೆಲದ ಹೊಸ ಮನೆಯಲ್ಲಿ ಮಿಲ್ಲಿನ ಕೂಲಿಗಾರನ ಮಗನಿಗೆ ಒಂದು ಕೋಣೆ ದೊರೆಯುವಂತಿಲ್ಲ. ಮಾರುಕಟ್ಟೆಯಲ್ಲಿ ನಸುಕಿಗೇ ಹೂವಿನ ಬುಟ್ಟಿ ಇಳಿಸುವವಳು ದೂರದ ಅಂಚಿನಿಂದ ನಡುರಾತ್ರಿಯೇ ಹೊರಡಬೇಕು. ಊರ ನಡುವೆ ಕಟ್ಟುವ ಪ್ರತಿ ಹೊಸ ವಸತಿಯಲ್ಲಿಯೂ ಅಲ್ಲಿ ದುಡಿಯುವವರಿಗೆ ಒಂದು ಪಾಲು ಇರಲೇಬೇಕೆಂಬುದು ದಾನದ ಮಾತಲ್ಲ, ನ್ಯಾಯದ ಮಾತು; ಊರಿನ ಹಿತದ ಮಾತೂ ಹೌದು.

ಪೇಟೆಯ ನೆನಪು ಇನ್ನೂ ಸತ್ತಿಲ್ಲವೆಂಬುದಕ್ಕೆ ಕರಗವೇ ಸಾಕ್ಷಿ. ಚೈತ್ರದ ಹುಣ್ಣಿಮೆಯ ರಾತ್ರಿ ತಿಗಳರಪೇಟೆಯ ಧರ್ಮರಾಯನ ಗುಡಿಯಿಂದ ಹೊರಟ ಕರಗ ಪೇಟೆಯ ಬೀದಿಗಳಲ್ಲಿ ಸುತ್ತುತ್ತದೆ. ಮಸ್ತಾನ್ ಸಾಹೇಬರ ದರ್ಗಾಕ್ಕೂ ಹೋಗಿ ಬರುತ್ತದೆ. ಅಂದು ದೂರದ ಬಡಾವಣೆಗಳಲ್ಲಿ ನೆಲಸಿದವರೂ ತಮ್ಮ ಹಿರಿಯರ ಬೀದಿಗೆ ಬಂದು ನಿಲ್ಲುತ್ತಾರೆ. ಆದರೆ ವರ್ಷಕ್ಕೊಂದು ರಾತ್ರಿ ಬಂದು ಹೋಗುವವರಿಂದ ಊರು ಉಳಿಯುವುದಿಲ್ಲ. ಮಿಕ್ಕ ರಾತ್ರಿಗಳಲ್ಲಿ ಅಲ್ಲಿ ದೀಪ ಹಚ್ಚುವವರು ಬೇಕು.

ಇನ್ನು ಕೆರೆಗಳ ಮಾತು. ಬೆಂಗಳೂರಿನ ಧರ್ಮಾಂಬುಧಿ ಕೆರೆಯ ಮೈಮೇಲೆ ಇಂದು ಬಸ್ಸುಗಳು ನಿಲ್ಲುತ್ತವೆ. ಸಂಪಂಗಿ ಕೆರೆಯ ಅಂಗಳದಲ್ಲಿ ಕ್ರೀಡಾಂಗಣವಿದೆ. ನೀರನ್ನು ಮುಚ್ಚಿ ನೆಲ ಗಳಿಸಿದ ಆ ನಗರ, ಈಗ ಕುಡಿಯುವ ನೀರನ್ನು ನೂರು ಕಿಲೋಮೀಟರಿನಷ್ಟು ದೂರದ ಕಾವೇರಿಯಿಂದ ಎತ್ತಿ ತರಿಸುತ್ತಿದೆ. ನಮ್ಮ ಕಡೂರು, ಬೀರೂರು, ತರೀಕೆರೆಗಳೂ ನಾಳೆ ಬೆಳೆಯುವ ಊರುಗಳೇ. ಅವುಗಳಿಗೂ ಹೊಸ ಬಡಾವಣೆ ಬೇಕು, ಅಗಲ ರಸ್ತೆ ಬೇಕು. ಬೇಡವೆನ್ನುವುದು ಹಟವಾಗುತ್ತದೆ. ಆದರೆ ಪೇಟೆಬೀದಿಯ ಮೊದಲ ಮನೆಗೆ ಗುದ್ದಲಿ ಬೀಳುವ ಮುನ್ನ, ಅದರಲ್ಲಿ ಇರುವವರು ನಾಳೆ ಎಲ್ಲಿ ಮಲಗುತ್ತಾರೆಂದು ಕೇಳುವ ಒಬ್ಬನಾದರೂ ಪುರಸಭೆಯಲ್ಲಿ ಇರಬೇಕು; ಕೆರೆಯ ದಂಡೆಗೆ ಮೊದಲ ಅಳತೆ ಸರಪಳಿ ಬೀಳುವ ಮುನ್ನ ಅದನ್ನು ತಡೆಯುವ ಇನ್ನೊಬ್ಬನೂ ಇರಬೇಕು. ಈ ಇಬ್ಬರು ಇರುವ ಊರಿಗೆ ಪಟ್ಟಣವೆಂಬ ಹೆಸರು ಸಲ್ಲುತ್ತದೆ.