ಕಿರಣ್ ಮತ್ತು ಸೂರ್ಯಕಿರಣ: ಒಂದು ತರಬೇತಿ ಜೆಟ್ಟಿನ ಪ್ರದರ್ಶನ ಚರಿತ್ರೆ

ಬೀದರಿನಲ್ಲಿ ನೆಲೆಸಿರುವ ವಾಯುಪಡೆಯ ವೈಮಾನಿಕ ಪ್ರದರ್ಶನ ತಂಡ ಸೂರ್ಯಕಿರಣದ ಬಗ್ಗೆ ಬಂದ ಬರಹಗಳಲ್ಲಿ ಸಾಹಸದ ವರ್ಣನೆಯೇ ಹೆಚ್ಚು. ತಂಡವು ಸುಮಾರು ಹದಿನೈದು ವರ್ಷ ಹಾರಿಸಿದ ಕಿರಣ್ ವಿಮಾನದ ಕಡೆಯಿಂದ ನೋಡಿದರೆ, ಅದು ವಾಯುಪಡೆಯ ತರಬೇತಿ ವ್ಯವಸ್ಥೆಯ ಏರಿಳಿತದ ಚರಿತ್ರೆಯೂ ಹೌದು ಎಂಬುದು ಈ ಲೇಖನದ ವಾದ.

ಹಳೆಯ ವ್ಯಾಂಪೈರ್ ತರಬೇತಿ ವಿಮಾನಗಳ ಜಾಗ ತುಂಬಲು ಬೆಂಗಳೂರಿನ ಎಚ್‌ಎಎಲ್ ರೂಪಿಸಿದ ಎಚ್‌ಜೆಟಿ-16 ಕಿರಣ್ ಮೊದಲು ಹಾರಿದ್ದು 1964ರ ಸೆಪ್ಟೆಂಬರ್ 4ರಂದು. ಸೇವೆಗೆ ಬಂದದ್ದು 1968ರಲ್ಲಿ. ವೈಪರ್ ಎಂಜಿನ್ನಿನ ನೂಕುಬಲ ಸುಮಾರು 2,500 ಪೌಂಡ್. ಹಾರಾಟ ಕಲಿಯಲು ಇಷ್ಟು ಸಾಕಿತ್ತು. ಶಸ್ತ್ರಾಭ್ಯಾಸಕ್ಕೆಂದು ಹೆಚ್ಚು ಶಕ್ತಿಯ ಆರ್ಫಿಯಸ್ ಎಂಜಿನ್ ಕೂರಿಸಿದ ಮಾರ್ಕ್-2 ಮಾದರಿ 1976ರಲ್ಲಿ ಹಾರಿತು. ನ್ಯಾಟ್ ಮತ್ತು ಮಾರುತ್ ವಿಮಾನಗಳಿಗಾಗಿ ಈ ಎಂಜಿನ್ ಆಗಲೇ ಬೆಂಗಳೂರಿನಲ್ಲಿ ತಯಾರಾಗುತ್ತಿತ್ತು. ಪ್ರದರ್ಶನಕ್ಕೆ ಒದಗಿದ್ದು ಈ ಮಾರ್ಕ್-2.

ವಾಯುಪಡೆಯ ಹಿಂದಿನ ಪ್ರದರ್ಶನ ತಂಡ, 1982ರಲ್ಲಿ ಹುಟ್ಟಿದ ಥಂಡರ್‌ಬೋಲ್ಟ್ಸ್, ಹಾರಿಸುತ್ತಿದ್ದುದು ಹಂಟರ್ ಯುದ್ಧವಿಮಾನ. ಅದು ನಿಂತ ಮೇಲೆ 1996ರ ಮೇ ತಿಂಗಳಲ್ಲಿ ವಿಂಗ್ ಕಮಾಂಡರ್ ಕುಲದೀಪ್ ಮಲಿಕ್ ನಾಯಕತ್ವದಲ್ಲಿ ಸೂರ್ಯಕಿರಣ ರೂಪುಗೊಂಡಿತು. ಮೊದಲಿಗೆ ಆರು ವಿಮಾನ, 1998ರ ಹೊತ್ತಿಗೆ ಒಂಬತ್ತು. ಯುದ್ಧವಿಮಾನದಿಂದ ತರಬೇತಿ ವಿಮಾನಕ್ಕೆ ಇಳಿದದ್ದನ್ನು ಹಿನ್ನಡೆ ಎನ್ನಲಾಗದು. ವೇಗ ಇಮ್ಮಡಿಯಾದರೆ, ಅಷ್ಟೇ ಜಿ-ಬಲದಲ್ಲಿ ತಿರುವಿನ ತ್ರಿಜ್ಯ ನಾಲ್ಕು ಪಟ್ಟಾಗುತ್ತದೆ. ನಿಧಾನದ ಕಿರಣ್ ಪ್ರೇಕ್ಷಕರ ಕಣ್ಣಳತೆಯಲ್ಲೇ ಸುತ್ತಿ ಬರಬಲ್ಲದು.

ಆದರೆ ಇದರ ಕಾಕ್‌ಪಿಟ್ ಮಾಡಿದ್ದು ಪಾಠಕ್ಕೆ. ಶಿಷ್ಯನ ಕೈ ಎಲ್ಲಿ ತಡವರಿಸುತ್ತದೆಂದು ಗುರುವಿಗೆ ಕಾಣಲಿ ಎಂದು ಆಸನಗಳು ಅಕ್ಕಪಕ್ಕ ಇವೆ. ವ್ಯೂಹದಲ್ಲಿ ಇದೇ ತೊಡಕು: ನಾಯಕನ ಎಡಬದಿಗೆ ಹಾರುವವನು ಎಡ ಆಸನದಲ್ಲಿ ಕೂತು, ಪಕ್ಕದ ಆಸನದ ಆಚೆಗೆ ಕತ್ತು ಹೊರಳಿಸಿ, ನಾಯಕನ ವಿಮಾನದ ಮೇಲೆ ನೆಟ್ಟ ಕಣ್ಣನ್ನು ಕದಲಿಸದೆ ಹಾರಬೇಕು. ಕೆಳಗಿನವರು ನೋಡುವ ಬಿಳಿ ಹೊಗೆಯಾದರೋ ಬರೀ ಡೀಸೆಲ್. ಎಂಜಿನ್ನಿನ ಬಿಸಿ ಅನಿಲಕ್ಕೆ ಚಿಮ್ಮಿದಾಗ ಆವಿಯಾಗಿ, ಹೊರಗಾಳಿಯಲ್ಲಿ ಹನಿಗಟ್ಟುತ್ತದೆ.

ಬೆಲೆಯೂ ತೆರಬೇಕಾಯಿತು. ಬೀದರ್ ಬಳಿ 2006ರಲ್ಲಿ ಇಬ್ಬರು, 2009ರಲ್ಲಿ ಒಬ್ಬರು ಪೈಲಟ್ ಅಸುನೀಗಿದರು. ನೌಕಾಪಡೆಯ ಸಾಗರ್ ಪವನ್ ತಂಡವೂ ಕಿರಣ್ ಹಾರಿಸುತ್ತಿತ್ತು. 2010ರ ಮಾರ್ಚ್‌ನಲ್ಲಿ ಹೈದರಾಬಾದಿನ ಪ್ರದರ್ಶನದಲ್ಲಿ ಅದರ ಇಬ್ಬರು ತೀರಿಕೊಂಡರು.

ಸೂರ್ಯಕಿರಣ ನಿಂತದ್ದು ಮಾತ್ರ ಅಪಘಾತದಿಂದಲ್ಲ. ಆರಂಭಿಕ ತರಬೇತಿಯ ಎಚ್‌ಪಿಟಿ-32 ವಿಮಾನಗಳನ್ನು 2009ರಲ್ಲಿ ನೆಲಕ್ಕಿಳಿಸಿದಾಗ ಆ ಹೊರೆಯೂ ಕಿರಣ್ ಮೇಲೆ ಬಿತ್ತು. ಕಿರಣ್‌ಗೆ ಬದಲಿಯಾಗಬೇಕಿದ್ದ ಸಿತಾರಾ 2003ರಲ್ಲೇ ಹಾರಿದ್ದರೂ ಸೇವೆಗೆ ಸಿದ್ಧವಾಗಿರಲಿಲ್ಲ. ಪಾಠಕ್ಕೇ ವಿಮಾನ ಸಾಲದಿರುವಾಗ ಪ್ರದರ್ಶನಕ್ಕೆಲ್ಲಿ ತರುವುದು? 2011ರ ಫೆಬ್ರವರಿಯ ಯಲಹಂಕ ಏರೋ ಇಂಡಿಯಾದ ನಂತರ ತಂಡವನ್ನು ಅಮಾನತಿನಲ್ಲಿಟ್ಟು, ಅದರ ಕಿರಣ್‌ಗಳನ್ನು ತರಬೇತಿಗೆ ಒದಗಿಸಲಾಯಿತು. 2015ರಲ್ಲಿ ಸೂರ್ಯಕಿರಣ ಮತ್ತೆ ಹಾರಿದಾಗ ಪೈಲಟ್‌ಗಳು ಕೂತಿದ್ದು ಹಾಕ್ ವಿಮಾನಗಳಲ್ಲಿ. ಅದೂ ತರಬೇತಿ ಜೆಟ್ಟೇ.