ಶುದ್ಧಗಾಳಿಯ ಚಿಕಿತ್ಸೆ: ಏರಿದ್ದು, ಬಿದ್ದದ್ದು, ಮರಳಿದ್ದು

ಹೊಸದುರ್ಗ ತಾಲ್ಲೂಕಿನ ಶ್ರೀರಾಂಪುರದ ಕಡೆಯವರು ಬೆಂಗಳೂರಿಗೆ ಹೋಗಿ ಬಂದರೆ ಹೇಳುವ ಮಾತೊಂದಿದೆ: ‘ಅಲ್ಲಿ ಉಸಿರು ಕಟ್ಟುತ್ತೆ, ನಮ್ಮೂರ ಗಾಳೀನೇ ಔಷಧಿ.’ ತೆಂಗಿನ ತೋಟದ ನೆರಳಿನಲ್ಲಿ ಬೆಳೆದವರಿಗೆ ಹೀಗೆ ಅನ್ನಿಸುವುದು ಸಹಜ. ಆದರೆ ಗಾಳಿ ನಿಜವಾಗಿಯೂ ಔಷಧಿಯೆ? ಹೌದಾದರೆ ಯಾವ ಅರ್ಥದಲ್ಲಿ? ಈ ಪ್ರಶ್ನೆಗೆ ಉತ್ತರ ಹುಡುಕಿದ ಚರಿತ್ರೆಯ ಕೆಲವು ಮುಖ್ಯ ಘಟ್ಟಗಳು ನಮ್ಮ ಸುತ್ತಮುತ್ತಲೇ ನಡೆದಿವೆ. ಬನ್ನಿ, ನೋಡೋಣ.

ಪ್ಲೇಗು ಮತ್ತು ಬಡಾವಣೆಗಳು

1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂತು. ಪೇಟೆಯ ಇಕ್ಕಟ್ಟಾದ ಬೀದಿಗಳಲ್ಲಿ, ಗಾಳಿ ಬೆಳಕಿಲ್ಲದ ಮನೆಗಳಲ್ಲಿ ಸಾವು ಹೆಚ್ಚಿತು. ಕೆಟ್ಟ ಗಾಳಿಯೇ ರೋಗಕ್ಕೆ ಮೂಲವೆಂಬ ಹಳೆಯ ನಂಬಿಕೆ ಆಗ ಇನ್ನೂ ಬಲವಾಗಿತ್ತು. ಅಗಲ ರಸ್ತೆ, ಮನೆಯ ಸುತ್ತ ಖಾಲಿ ಜಾಗ, ಮರಗಿಡಗಳಿದ್ದ ಮಲ್ಲೇಶ್ವರ ಮತ್ತು ಬಸವನಗುಡಿ ಬಡಾವಣೆಗಳು ಇದರ ನಂತರ ಬೆಳೆದವು. ಅದೇ 1898ರಲ್ಲಿ ಕರಾಚಿಯಲ್ಲಿ ಪಾಲ್ ಲೂಯಿ ಸಿಮಾಂಡ್ ಎಂಬ ಫ್ರೆಂಚ್ ವೈದ್ಯ ಪ್ಲೇಗನ್ನು ಹರಡುವುದು ಇಲಿಯ ಮೈಮೇಲಿನ ಚಿಗಟ ಎಂದು ಕಂಡುಕೊಂಡ. ಅಂದರೆ ಬಡಾವಣೆಗಳ ಹಿಂದಿದ್ದ ಕಾರಣ ತಪ್ಪು, ಫಲ ಮಾತ್ರ ಒಳ್ಳೆಯದು! ವಿಜ್ಞಾನದ ಚರಿತ್ರೆಯಲ್ಲಿ ಇಂಥ ಪ್ರಸಂಗಗಳು ಅಪರೂಪವಲ್ಲ.

ಸ್ಯಾನಟೋರಿಯಂ ಕಾಲ

ಕ್ಷಯದ ಕಥೆ ಬೇರೆ. 1882ರಲ್ಲಿ ರಾಬರ್ಟ್ ಕಾಕ್ ಅದರ ರೋಗಾಣುವನ್ನು ಗುರುತಿಸಿದ. ಆದರೆ ಅದನ್ನು ಕೊಲ್ಲುವ ಔಷಧಿಗೆ ಇನ್ನೂ ಆರು ದಶಕ ಕಾಯಬೇಕಿತ್ತು. ಅಲ್ಲಿಯವರೆಗೆ ಇದ್ದದ್ದು ವಿಶ್ರಾಂತಿ, ಒಳ್ಳೆಯ ಊಟ, ಬಿಸಿಲು, ತೆರೆದ ಗಾಳಿ. ಮದನಪಲ್ಲಿಯ ಬಳಿ ಆರೋಗ್ಯವರಂ ಸ್ಯಾನಟೋರಿಯಂ 1915ರಲ್ಲಿ ಆರಂಭವಾಯಿತು. ಕ್ಷಯಕ್ಕೆ ತುತ್ತಾದ ಸಹೋದರಿ ಕೃಷ್ಣಾಜಮ್ಮಣ್ಣಿಯವರ ನೆನಪಿಗೆ ನಾಲ್ವಡಿ ಕೃಷ್ಣರಾಜ ಒಡೆಯರು ಮೈಸೂರಿನಲ್ಲಿ ಸ್ಥಾಪಿಸಿದ ಸ್ಯಾನಟೋರಿಯಂ 1921ರಲ್ಲಿ ತೆರೆಯಿತು. ಅರಮನೆಯವರನ್ನೂ ಬಿಡದ ರೋಗವದು.

ಮದ್ರಾಸಿನ ಪ್ರಯೋಗ

1940ರ ದಶಕದಲ್ಲಿ ಸ್ಟ್ರೆಪ್ಟೊಮೈಸಿನ್, 1950ರ ದಶಕದಲ್ಲಿ ಐಸೋನಯಜಿಡ್ ಬಂದವು. ಔಷಧಿ ಇದ್ದ ಮೇಲೂ ಸ್ಯಾನಟೋರಿಯಂ ಬೇಕೆ? 1956ರಲ್ಲಿ ಮದ್ರಾಸಿನಲ್ಲಿ ಆರಂಭವಾದ ಕೇಂದ್ರವೊಂದು ಈ ಪ್ರಶ್ನೆಯನ್ನು ಪ್ರಯೋಗಕ್ಕೆ ಒಡ್ಡಿತು. ಇಬ್ಬರಿಗೂ ಒಂದೇ ಔಷಧಿ. ಕೆಲವರು ಸ್ಯಾನಟೋರಿಯಂನಲ್ಲಿ, ಉಳಿದವರು ತಮ್ಮ ಇಕ್ಕಟ್ಟಿನ ಮನೆಗಳಲ್ಲೇ. ಯಾರು ಎಲ್ಲಿಗೆ ಎಂಬುದನ್ನು ನಿರ್ಧರಿಸಿದ್ದು ಚೀಟಿ ಎತ್ತಿದಂತೆ. 1959ರಲ್ಲಿ ಪ್ರಕಟವಾದ ಫಲಿತಾಂಶ ಜಗತ್ತನ್ನೇ ಅಚ್ಚರಿಗೊಳಿಸಿತು: ಎರಡೂ ಕಡೆ ಗುಣಮುಖರಾದವರ ಪ್ರಮಾಣದಲ್ಲಿ ಹೆಚ್ಚು ವ್ಯತ್ಯಾಸವಿರಲಿಲ್ಲ.

ಇನ್ನೊಂದು ಅಚ್ಚರಿಯೂ ಕಾದಿತ್ತು. 1955–58ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ಕ್ಷಯ ನಗರದಲ್ಲಿದ್ದಷ್ಟೇ ಹಳ್ಳಿಯಲ್ಲೂ ಇರುವುದು ಕಂಡುಬಂತು. ‘ನಮ್ಮೂರ ಗಾಳೀನೇ ಔಷಧಿ’ ಎಂಬ ಮಾತಿಗೆ ಇದು ಉತ್ತರ. ಹಳ್ಳಿಯ ಹೊಲದಲ್ಲಿ ಗಾಳಿ ಧಾರಾಳ. ಆದರೆ ಕಿಟಕಿಯಿಲ್ಲದ ಕೋಣೆಯಲ್ಲಿ, ಒಲೆಯ ಹೊಗೆಯ ನಡುವೆ?

ಗಾಳಿ ಮರಳಿ ಬಂತು

ಹಾಗಾದರೆ ಗಾಳಿಗೆ ಬೆಲೆಯಿಲ್ಲವೆ? ಇದೆ. ಗುಣಪಡಿಸುವುದು ಔಷಧಿ, ಹರಡದಂತೆ ತಡೆಯುವುದು ಗಾಳಿ. 1950ರ ದಶಕದ ಕೊನೆಯಲ್ಲಿ ಅಮೆರಿಕದ ಬಾಲ್ಟಿಮೋರಿನಲ್ಲಿ ರಿಚರ್ಡ್ ರೈಲಿ ಮತ್ತು ಸಂಗಡಿಗರು ಕ್ಷಯರೋಗಿಗಳ ವಾರ್ಡಿನ ಗಾಳಿಯನ್ನು ಕೊಳವೆಯ ಮೂಲಕ ಗಿನಿಯಿಲಿಗಳಿಗೆ ಹಾಯಿಸಿದರು. ಇಲಿಗಳಿಗೆ ಕ್ಷಯ ತಗುಲಿತು. ಅದೇ ಗಾಳಿಗೆ ಅತಿನೇರಳೆ ಕಿರಣ ಹಾಯಿಸಿದಾಗ ತಗುಲಲಿಲ್ಲ.

ಇಲ್ಲಿರುವ ಭೌತಶಾಸ್ತ್ರ ಸರಳ. ಕೊಠಡಿಯ ಗಾಳಿ ಗಂಟೆಗೆ n ಬಾರಿ ಬದಲಾಗುತ್ತಿದ್ದರೆ, ತೇಲುವ ಕಣಗಳ ಸಾಂದ್ರತೆ ವಿಕಿರಣಪಟು ಧಾತುವಿನಂತೆಯೇ ಘಾತೀಯವಾಗಿ ಇಳಿಯುತ್ತದೆ. n = 1 ಇದ್ದರೆ ಒಂದು ಗಂಟೆಯ ನಂತರವೂ ಶೇಕಡ 37ರಷ್ಟು ಕಣಗಳು ಉಳಿದಿರುತ್ತವೆ. n = 6 ಆದರೆ ಉಳಿಯುವುದು ಶೇಕಡ 0.25 ಮಾತ್ರ! 2007ರಲ್ಲಿ ಪೆರುವಿನ ಲಿಮಾದ ಆಸ್ಪತ್ರೆಗಳನ್ನು ಅಳೆದಾಗ, ಕಿಟಕಿ ಬಾಗಿಲು ತೆರೆದಿಟ್ಟ ಕೊಠಡಿಗಳಲ್ಲಿ ಗಾಳಿ ಗಂಟೆಗೆ ಸುಮಾರು 28 ಬಾರಿ ಬದಲಾಗುತ್ತಿತ್ತು. 1950ಕ್ಕೆ ಮೊದಲು ಕಟ್ಟಿದ, ಎತ್ತರದ ಚಾವಣಿಯ ವಾರ್ಡುಗಳು ಹೊಸ ಕಟ್ಟಡಗಳಿಗಿಂತ ಮೇಲಾಗಿದ್ದವು. ಸ್ಯಾನಟೋರಿಯಂ ಕಟ್ಟಿದವರು ಪೂರ್ತಿ ತಪ್ಪಿರಲಿಲ್ಲ. 2020ರಲ್ಲಿ ಕೋವಿಡ್ ಬಂದಾಗ ಇದೇ ಪಾಠವನ್ನು ನಾವು ಮತ್ತೆ ಕಲಿತೆವು.

ಮರಗಳ ಪಾತ್ರ

ಹೊರಗಿನ ಗಾಳಿಯೇ ಕೊಳೆಯಾಗಿದ್ದರೆ? ಬೆಂಗಳೂರಿನ ರಸ್ತೆಗಳಲ್ಲಿ ಹರಿಣಿ ನಾಗೇಂದ್ರ ಮತ್ತು ಸಹೋದ್ಯೋಗಿಗಳು ಅಳತೆ ಮಾಡಿ 2013ರಲ್ಲಿ ಪ್ರಕಟಿಸಿದ ಅಧ್ಯಯನ ಗಮನಿಸಿ. ಸಾಲುಮರಗಳಿದ್ದ ಕಡೆ ಮಧ್ಯಾಹ್ನದ ಉಷ್ಣತೆ 5.6 ಡಿಗ್ರಿ ಸೆಲ್ಸಿಯಸ್‌ವರೆಗೂ ಕಡಿಮೆ. ತೇಲುವ ದೂಳು, ಗಂಧಕದ ಡೈಆಕ್ಸೈಡ್ ಸಹ ಕಡಿಮೆ. ಎಲೆಗಳ ಮೇಲೆ ದೂಳು ಕೂರುವುದನ್ನು ನೀವು ಕಣ್ಣಾರೆ ಕಂಡಿದ್ದೀರಿ.

ಆದರೆ ಮರ ಸರ್ವರೋಗ ನಿವಾರಕವಲ್ಲ. ಅಮೆರಿಕದಲ್ಲಿ ಇಡೀ ನಗರಗಳ ಸರಾಸರಿ ತೆಗೆದಾಗ ಮರಗಳಿಂದಾಗುವ ಸುಧಾರಣೆ ಶೇಕಡ 1ಕ್ಕಿಂತ ಕಡಿಮೆ. ಎತ್ತರದ ಕಟ್ಟಡಗಳ ನಡುವಣ ಕಿರಿದಾದ ರಸ್ತೆಯಲ್ಲಿ ದಟ್ಟ ಮರಗಳು ಹೊಗೆಯನ್ನು ಕೆಳಗೇ ಹಿಡಿದಿಡಲೂಬಹುದು. ಕಾಂಗ್ರೆಸ್ ಗಿಡವೂ ಹಸಿರೇ. ಅದರ ಪರಾಗ ಹಲವರಿಗೆ ಸೀನು, ಉಬ್ಬಸ ತರುತ್ತದೆ. ಹೊಗೆಯನ್ನು ಮೂಲದಲ್ಲೇ ತಡೆಯದೆ ಗಿಡ ನೆಟ್ಟರೆ ಸಾಲದು.

ಶಿಕ್ಷಕ ಮಿತ್ರರೆ, ನಾಳೆ ತರಗತಿಗೆ ಹೋದಾಗ ಎದುರುಬದುರಿನ ಕಿಟಕಿಗಳನ್ನು ತೆರೆಸಿ. ಘಾತೀಯ ಇಳಿಕೆಯ ಪಾಠವನ್ನು ಅಲ್ಲಿಂದಲೇ ಶುರುಮಾಡಬಹುದು. ಎರಡು ವಾರ ದಾಟಿದರೂ ಕೆಮ್ಮು ನಿಲ್ಲದ ಮಗುವನ್ನು ಮಾತ್ರ ತೋಟದ ಗಾಳಿಗಲ್ಲ, ಕಫ ಪರೀಕ್ಷೆಗೆ ಕಳುಹಿಸಿ. ಸರ್ಕಾರಿ ಆಸ್ಪತ್ರೆಯಲ್ಲಿ ಆ ಪರೀಕ್ಷೆಯೂ ಔಷಧಿಯೂ ಉಚಿತ.