ದೀಪಕ್ಕೆ ದೊರೆತ ನೆರವು, ಸೂರಿಗೆ ದೊರೆಯದ ನೆರವು

ಪೆರಂಬೂರು ದುಡಿಮೆಗಾರರ ಊರು. ಹತ್ತೊಂಬತ್ತನೆಯ ಶತಮಾನದ ರೈಲ್ವೆ ಕಾರ್ಖಾನೆ, 1996ರಲ್ಲಿ ಬಾಗಿಲು ಮುಚ್ಚಿದ ಬಿನ್ನಿ ಕಂಪನಿಯ ಗಿರಣಿಗಳು, 1955ರಲ್ಲಿ ನೆಹರೂ ಉದ್ಘಾಟಿಸಿದ ಇಂಟೆಗ್ರಲ್ ಕೋಚ್ ಫ್ಯಾಕ್ಟರಿ, ಇವೆಲ್ಲ ಇಲ್ಲಿನ ಓಣಿಗಳನ್ನು ಕಟ್ಟಿದವು. ಕೇಂದ್ರ ಸರ್ಕಾರದ ನೌಕರಿಯ ನಿಮಿತ್ತ ಇಲ್ಲಿ ನೆಲೆಸಿರುವ ನಾವು ಗಟ್ಟಿ ತಾರಸಿಯ ಕೆಳಗೆ ಮಲಗುತ್ತೇವೆ. ನಮ್ಮ ಬೀದಿಯ ಹಿಂದಿನ ಓಣಿಯವರು ಸಿಮೆಂಟ್ ಶೀಟಿನ ಕೆಳಗೆ ಮಲಗುತ್ತಾರೆ. ಮೇ ತಿಂಗಳಿನಲ್ಲಿ ಈ ಎರಡು ಸೂರುಗಳ ನಡುವಿನ ಅಂತರವೇ ಬಡತನದ ಅಳತೆಗೋಲು. ಬಡವರ ಮನೆಯ ವಿದ್ಯುತ್ತಿಗೆ ಸರ್ಕಾರಗಳು ನೀಡಿದ ನೆರವಿನ ಇತಿಹಾಸವನ್ನು ಈ ಅಂತರವನ್ನು ಮುಂದಿಟ್ಟುಕೊಂಡೇ ಓದಬೇಕೆಂದು ನಮಗನ್ನಿಸುತ್ತದೆ.

ನಮ್ಮ ನಾಡಿನಲ್ಲಿ ವಿದ್ಯುತ್ತು ಬಡವರಿಗಾಗಿ ಹುಟ್ಟಿದ್ದಲ್ಲ. 1902ರಲ್ಲಿ ಶಿವನಸಮುದ್ರದಿಂದ ಹೊರಟ ತಂತಿ ಮೊದಲು ಮುಟ್ಟಿದ್ದು ಕೋಲಾರದ ಚಿನ್ನದ ಗಣಿಗಳನ್ನು. ಬೆಂಗಳೂರಿನ ಬೀದಿಗಳಿಗೆ ಬೆಳಕು ಬಂದದ್ದು 1905ರಲ್ಲಿ. ಗುಡಿಸಲುಗಳು ಇನ್ನೂ ಹಲವು ದಶಕ ಕಾಯಬೇಕಾಯಿತು. ಕರ್ನಾಟಕದ ಭಾಗ್ಯಜ್ಯೋತಿ, ಕೇಂದ್ರ ಸರ್ಕಾರ 1988-89ರಲ್ಲಿ ಆರಂಭಿಸಿದ ಕುಟೀರ ಜ್ಯೋತಿ, ತಮಿಳುನಾಡಿನ ಗುಡಿಸಲುಗಳ ಒಂದು ದೀಪದ ಸಂಪರ್ಕ, ಇವೆಲ್ಲ ಆ ಕಾಯುವಿಕೆಗೆ ದೊರೆತ ಉತ್ತರಗಳು. ಕರ್ನಾಟಕದಲ್ಲಿ ಅಂಥ ಮನೆಗಳಿಗೆ ಬಹುಕಾಲ ತಿಂಗಳಿಗೆ 18 ಯೂನಿಟ್ ಮಿತಿಯಿತ್ತು. 60 ವ್ಯಾಟಿನ ಒಂದು ಬಲ್ಬು ದಿನಕ್ಕೆ 10 ಗಂಟೆ ಉರಿದರೆ ಆ 18 ಯೂನಿಟ್ಟೂ ಮುಗಿಯುತ್ತದೆ. ಆ ವಿದ್ಯುತ್ತಿನಲ್ಲಿ ಬಹುಪಾಲು ಬೆಳಕಾಗದೆ ಬಿಸಿಯಾಗಿ ಪೋಲಾಗುತ್ತಿತ್ತು.

ಕೊಡುವುದರ ಜೊತೆಗೆ ಉಳಿಸುವುದೂ ನೆರವೇ ಎಂಬ ಅರಿವು ಸರ್ಕಾರಕ್ಕೆ ತಡವಾಗಿ ಮೂಡಿತು. 2001ರ ಇಂಧನ ಸಂರಕ್ಷಣಾ ಕಾಯ್ದೆಯಂತೆ 2002ರಲ್ಲಿ ಇಂಧನ ದಕ್ಷತಾ ಬ್ಯೂರೋ ಸ್ಥಾಪನೆಯಾಯಿತು. 2009ರ ಬಚತ್ ಲ್ಯಾಂಪ್ ಯೋಜನೆ ಸಿಎಫ್ಎಲ್ ದೀಪವನ್ನು ಹಳೆಯ ಬಲ್ಬಿನ ಬೆಲೆಗೇ, ಅಂದರೆ ಸುಮಾರು 15 ರೂಪಾಯಿಗೆ, ಮನೆಗಳಿಗೆ ಕೊಡಲು ಹೊರಟಿತು. ಉಳಿದ ವೆಚ್ಚವನ್ನು ಅಂತಾರಾಷ್ಟ್ರೀಯ ಕಾರ್ಬನ್ ಮಾರುಕಟ್ಟೆಯಿಂದ ತುಂಬಿಕೊಳ್ಳುವ ಆಲೋಚನೆಯಿತ್ತು. ಆ ಮಾರುಕಟ್ಟೆ ಕುಸಿದಾಗ ಯೋಜನೆಯ ಆಧಾರವೂ ಕುಸಿಯಿತು. 2015ರ ಜನವರಿಯಲ್ಲಿ ಆರಂಭವಾದ, ಮುಂದೆ ಉಜಾಲಾ ಎಂದು ಹೆಸರಾದ ಯೋಜನೆ ಬೇರೆ ದಾರಿ ಹಿಡಿಯಿತು. ಸರ್ಕಾರಿ ಸಂಸ್ಥೆಯೊಂದು ಕೋಟಿಗಟ್ಟಲೆ ಎಲ್ಇಡಿ ಬಲ್ಬುಗಳನ್ನು ಒಟ್ಟಾಗಿ ಖರೀದಿಸಿತು. 2014ರಲ್ಲಿ 310 ರೂಪಾಯಿ ಇದ್ದ ಖರೀದಿ ಬೆಲೆ 2016ರ ಹೊತ್ತಿಗೆ 38 ರೂಪಾಯಿಗೆ ಇಳಿಯಿತು. ಮೊದಲು 18 ಯೂನಿಟ್ ಬೇಡುತ್ತಿದ್ದ ಬೆಳಕಿಗೆ ಈಗ 9 ವ್ಯಾಟಿನ ದೀಪದಿಂದ 3 ಯೂನಿಟ್ಟಿಗೂ ಕಡಿಮೆ ಸಾಕು.

ಆದರೆ ಈ ಪಾಠ ದೀಪದಾಚೆಗೆ ಹೆಚ್ಚು ದೂರ ಸಾಗಲಿಲ್ಲ. 2011ರಲ್ಲಿ ತಮಿಳುನಾಡು ಸರ್ಕಾರ ಬಡಕುಟುಂಬಗಳಿಗೆ ಮಿಕ್ಸಿ, ಗ್ರೈಂಡರುಗಳ ಜೊತೆ ಫ್ಯಾನನ್ನೂ ಉಚಿತವಾಗಿ ಹಂಚತೊಡಗಿತು. 2016ರ ಮೇ ತಿಂಗಳಿನಲ್ಲಿ ಎಲ್ಲ ಮನೆಗಳಿಗೂ ಎರಡು ತಿಂಗಳಿಗೆ 100 ಯೂನಿಟ್ ಉಚಿತವೆಂದು ಘೋಷಿಸಿತು. ಎರಡೂ ಉಪಕಾರಗಳೇ, ಅಲ್ಲಗಳೆಯಲಾಗದು. ಆದರೆ 75 ವ್ಯಾಟಿನ ಸಾಮಾನ್ಯ ಫ್ಯಾನು ದಿನಕ್ಕೆ 20 ಗಂಟೆ ತಿರುಗಿದರೆ ಎರಡು ತಿಂಗಳಲ್ಲಿ 90 ಯೂನಿಟ್ ನುಂಗುತ್ತದೆ. ಅದೇ ಕೆಲಸವನ್ನು 30 ವ್ಯಾಟಿನ ಹೊಸ ಬಗೆಯ ಫ್ಯಾನು 36 ಯೂನಿಟ್ಟಿನಲ್ಲಿ ಮುಗಿಸುತ್ತದೆ. ಸೀಲಿಂಗ್ ಫ್ಯಾನುಗಳಿಗೆ ನಕ್ಷತ್ರದ ಗುರುತು ಕಡ್ಡಾಯವಾದದ್ದು 2023ರಲ್ಲಿ ಮಾತ್ರ. ಅದೇ ವರ್ಷ ಬಂದ ಕರ್ನಾಟಕದ ಗೃಹಜ್ಯೋತಿಯಲ್ಲಿ ಉಚಿತ ವಿದ್ಯುತ್ತಿನ ಪ್ರಮಾಣವನ್ನು ಆರಂಭದಲ್ಲಿ ಹಿಂದಿನ ವರ್ಷದ ಸರಾಸರಿಗೆ ಶೇಕಡಾ 10 ಸೇರಿಸಿ ನಿಗದಿ ಮಾಡಲಾಯಿತು. ಮಿತವಾಗಿ ಬಳಸಿದವನಿಗೆ ಕಡಿಮೆ, ಧಾರಾಳವಾಗಿ ಬಳಸಿದವನಿಗೆ ಹೆಚ್ಚು!

ಇನ್ನು ಸೂರಿನ ಮಾತು. ಕಾದ ಶೀಟಿನ ಕೆಳಗೆ ಎಂಥ ಫ್ಯಾನಾದರೂ ಬೀಸುವುದು ಬಿಸಿಗಾಳಿಯನ್ನೇ. ಬಿಸಿಲನ್ನು ಹಿಂದಕ್ಕೆ ಹಾಯಿಸುವ ಬಿಳಿ ಲೇಪ ಕೋಣೆಯ ಉಷ್ಣವನ್ನು ಕೆಲವು ಡಿಗ್ರಿ ತಗ್ಗಿಸಬಲ್ಲದು. ತಾರಸಿಗೆ ಸುಣ್ಣ ಬಳಿಯುತ್ತಿದ್ದ ನಮ್ಮ ಹಿರಿಯರಿಗೆ ಇದು ಹೊಸ ಸಂಗತಿಯೇನಲ್ಲ. ಅಹಮದಾಬಾದ್ ನಗರ ಇದನ್ನು ಬಡವರ ಬಡಾವಣೆಗಳಲ್ಲಿ ಕೈಗೊಂಡಿತು. ತೆಲಂಗಾಣ 2023ರಲ್ಲಿ ತಂಪು ಛಾವಣಿಗೆಂದೇ ನೀತಿಯೊಂದನ್ನು ರೂಪಿಸಿ, ಸರ್ಕಾರ ಕಟ್ಟಿಸುವ ಬಡವರ ಮನೆಗಳಿಗೆ ಅದನ್ನು ಕಡ್ಡಾಯಗೊಳಿಸಿತು.

ಹಿಂದಿನ ಓಣಿಯ ಮನೆಗಳಾದರೋ ಸರ್ಕಾರ ಕಟ್ಟಿಸಿದವಲ್ಲ, ಅಲ್ಲಿ ವಾಸಿಸುವವರವೂ ಅಲ್ಲ. ಒಂದೇ ಮೀಟರಿನ ಕೆಳಗೆ ಎರಡು ಮೂರು ಸಂಸಾರಗಳಿರುತ್ತವೆ. 100 ಯೂನಿಟ್ಟಿನ ರಿಯಾಯಿತಿ ಮೀಟರಿಗೆ ಸಲ್ಲುತ್ತದೆ. ಬಾಡಿಗೆದಾರ ಮನೆಯೊಡೆಯ ಹೇಳಿದ ದರ ತೆರುತ್ತಾನೆ. ಸೂರು ಒಡೆಯನದು, ಸೆಕೆ ಬಾಡಿಗೆದಾರನದು. ಲೇಪಕ್ಕೆ ಹಣ ಹಾಕಲು ಇಬ್ಬರಿಗೂ ಕಾರಣವಿಲ್ಲ.

ಈ ತೊಡಕು ನಮ್ಮದು ಮಾತ್ರವಲ್ಲ. ತೈಲ ಬಿಕ್ಕಟ್ಟಿನ ಬಳಿಕ ಅಮೆರಿಕ 1976ರಲ್ಲಿ ಬಡವರ ಮನೆಗಳನ್ನೇ ದುರಸ್ತಿ ಮಾಡಿಕೊಡುವ ಯೋಜನೆಯೊಂದನ್ನು ಕಾಯ್ದೆಯ ಮೂಲಕ ತಂದಿತು. ಗೋಡೆ ಛಾವಣಿಗಳಿಗೆ ಶಾಖರೋಧಕ ಹಾಕಿ, ಬಿರುಕುಗಳನ್ನು ಮುಚ್ಚಿ, ಶಾಶ್ವತವಾಗಿ ಬಿಲ್ಲನ್ನೇ ಇಳಿಸುವುದು ಅದರ ಉದ್ದೇಶ. ಬಾಡಿಗೆ ಮನೆಗೂ ಒಡೆಯನ ಒಪ್ಪಿಗೆಯೊಂದಿಗೆ ಅದು ದೊರೆಯುತ್ತದೆ. ದುರಸ್ತಿಯನ್ನೇ ನೆಪಮಾಡಿ ಒಡನೆಯೇ ಬಾಡಿಗೆ ಏರಿಸುವಂತಿಲ್ಲ ಎಂಬ ನಿಯಮವೂ ಅದರೊಳಗಿದೆ. ಅಲ್ಲಿ ಚಳಿಗಾಗಿ ಬರೆದ ಆ ನಿಯಮವನ್ನು ಇಲ್ಲಿ ಸೆಕೆಗಾಗಿ ಬರೆದುಕೊಳ್ಳಲು ನಮಗೇನು ಅಡ್ಡಿ? ಬಲ್ಬಿನ ಬೆಲೆಯನ್ನು ಎಂಟನೆಯ ಒಂದು ಭಾಗಕ್ಕೆ ಇಳಿಸಬಲ್ಲ ಆಡಳಿತಕ್ಕೆ ಒಂದು ಡಬ್ಬಿ ಬಿಳಿ ಬಣ್ಣವನ್ನು ಹಿಂದಿನ ಓಣಿಯ ಶೀಟುಗಳಿಗೆ ಮುಟ್ಟಿಸುವುದು ಅಸಾಧ್ಯವೇನಲ್ಲ.